ಬಾಗಿಲಿಲ್ಲದ ಮನೆಯ ನಂಬರು

ನಂಬರಿನ ತಗಡನ್ನು ಎಲ್ಲಿಗೆ ಹೊಡೆಯುವುದು ಎಂದು ಬಿಲ್ ಕಲೆಕ್ಟರ್ ಅಣ್ಣುವಿಗೆ ಗೊತ್ತಾಗಲಿಲ್ಲ. ಮನೆ ಎಂದರೆ ಬಾಗಿಲು ಇರಬೇಕು. ಬಾಗಿಲಿನ ಮೇಲೆ ನಂಬರು ಇರಬೇಕು. ನಮ್ಮದು ಕೊಪ್ಪ. ನಾಲ್ಕು ಕಂಬ, ಸುತ್ತ ಸೊಪ್ಪು, ಮೇಲೆ ಮುಳಿಹುಲ್ಲು. ಬಗ್ಗಿ ಒಳಗೆ ಹೋಗಬೇಕು, ಬಗ್ಗಿ ಹೊರಗೆ ಬರಬೇಕು. ಕದಿಯಲಿಕ್ಕೆ ಒಳಗೆ ಏನಾದರೂ ಇದ್ದರಲ್ಲವೇ ಬಾಗಿಲು!

"ಕಂಬಕ್ಕೆ ಹೊಡೀರಿ ಧನಿಗಳೇ," ಎಂದ ನನ್ನ ಗಂಡ ಬೂದ.

ಕಂಬಕ್ಕೆ ಹೊಡೆಯಲು ಅಣ್ಣು ಕಂಬದ ಹತ್ತಿರ ಬರಬೇಕಲ್ಲ? ಕೊರಗರ ಕೊಪ್ಪದ ಕಂಬ ಮುಟ್ಟಿದರೆ ಮನೆಗೆ ಹೋಗಿ ಮೀಯಬೇಕು. ಅವನು ಅಂಗಳದ ಅಂಚಿನಲ್ಲೇ ನಿಂತು ತಗಡನ್ನು ಎಸೆದ. ಅದು ನನ್ನ ಕಾಲ ಬುಡದಲ್ಲಿ ಬಿತ್ತು.

"ನೀನೇ ಕಟ್ಟಿಕೊ. ಕಳೆದು ಹಾಕ್ಬೇಡ ಮಾರಾಯ, ಸರ್ಕಾರದ ಸೊತ್ತು ಅದು."

ಬೂದ ತಗಡನ್ನು ಎತ್ತಿ ಸೊಂಟದ ಬಟ್ಟೆಯಲ್ಲಿ ಒರೆಸಿದ. ಬುಟ್ಟಿ ಹೆಣೆಯುವ ಬಳ್ಳಿಯಿಂದ ಕಂಬಕ್ಕೆ ಬಿಗಿದ. ಹಿಂದೆ ಸರಿದು ನೋಡಿದ. ಮದುವೆಯ ದಿನವೂ ಅವನ ಮುಖದಲ್ಲಿ ಅಷ್ಟು ಸಂತೋಷ ನಾನು ನೋಡಿರಲಿಲ್ಲ.

"ಇನ್ನು ನಮ್ಮನ್ನು ಯಾರೂ ಏಳಿಸ್ಲಿಕ್ಕಿಲ್ಲ ತುಕ್ರು. ಸರ್ಕಾರವೇ ನಂಬರು ಕೊಟ್ಟಿತಲ್ಲ. ಈ ಜಾಗ ನಮ್ದು."

ನಾನೂ ನಂಬಿದೆ. ನಮ್ಮವರಿಗೆ 'ಏಳಿ' ಎಂಬ ಮಾತು ಹುಟ್ಟಿದಂದಿನಿಂದ ಗೊತ್ತು. ಗುಡ್ಡೆಯವರು ಏಳಿ ಎಂದರೆ ಬೋಳು ಬಯಲಿನ ಪದವಿಗೆ, ಪದವಿನವರು ಏಳಿ ಎಂದರೆ ನೀರು ಹರಿಯುವ ತೋಡಿನ ಬದಿಗೆ. ಏಳು ಎನ್ನದೆ ನಂಬರು ಕೊಟ್ಟವರು ಇವರೇ ಮೊದಲು. ನಂಬರು ಬಂದರೆ ಜಾಗ ಬಂದಂತೆ ಎಂದು ತಿಳಿದೆವು. ನಗುವವರು ನಗಲಿ.

ಶುಕ್ರವಾರ ಹುಟ್ಟಿದ್ದಕ್ಕೆ ನಾನು ತುಕ್ರು. ಬುಧವಾರ ಹುಟ್ಟಿದ್ದಕ್ಕೆ ಅವನು ಬೂದ. ನನ್ನ ತಾಯಿ ಮಂಗಳವಾರದವಳು, ಅಂಗಾರೆ. ನಮಗೆ ಹೆಸರು ಹುಡುಕಲು ಯಾರೂ ತಲೆ ಕೆಡಿಸಿಕೊಂಡವರಲ್ಲ. ಪುಂಜಾಲಕಟ್ಟೆಯಿಂದ ಬೆಳ್ತಂಗಡಿಯ ಕಡೆಗೆ ಸ್ವಲ್ಪ ನಡೆದು ಎಡಕ್ಕೆ ಹತ್ತಿದರೆ ಕೇಪುಳಪದವು. ಬೋಳು ಮುರಕಲ್ಲಿನ ನೆಲ. ಅದರ ಮೂಲೆಯಲ್ಲಿ ನಮ್ಮ ಕೊಪ್ಪ. ಮದ್ರಾಸು ಹೋಗಿ ಮೈಸೂರು ಬಂತು ಎಂದು ಊರಿನವರು ಮಾತಾಡುತ್ತಿದ್ದ ಕಾಲ. ನಮಗೆ ಬಂದದ್ದು ಆ ತಗಡು.

ಪಂಚಾಯತಿನ ಅಧ್ಯಕ್ಷರು ಕೊರಗಪ್ಪ ಆಳ್ವ. ಹೌದು, ಕೊರಗಪ್ಪ. ದೊಡ್ಡ ಮನೆಯ ದೊಡ್ಡ ಆಳ್ವರಿಗೆ ನಮ್ಮ ಜಾತಿಯ ಹೆಸರು ಹೇಗೆ ಬಂತು ಎಂದು ಕೇಳಿ. ಅವರ ತಾಯಿ ಹೆತ್ತ ಮಕ್ಕಳು ಒಂದೂ ಉಳಿಯುತ್ತಿರಲಿಲ್ಲ. ಹಾಗಾದಾಗ ದೊಡ್ಡ ಮನೆಯವರು ಹುಟ್ಟಿದ ಮಗುವನ್ನು ಹೊಸ ಬುಟ್ಟಿಯಲ್ಲಿಟ್ಟು ನಮ್ಮ ಅಂಗಳಕ್ಕೆ ತರುತ್ತಾರೆ. ಬುಟ್ಟಿ ಕೆಳಗಿಟ್ಟು ಹಿಂದೆ ಸರಿಯುತ್ತಾರೆ. ನಮ್ಮ ಹೆಂಗಸು ಅದನ್ನೆತ್ತಿ ಹಾಲು ಕೊಡಬೇಕು. ಅವರು ಮೂರು ಸಲ ಕೇಳುತ್ತಾರೆ, ಮಗು ಯಾರದು ಎಂದು. ನನ್ನದು, ನನ್ನದು, ನನ್ನದು ಎನ್ನಬೇಕು. ಹೆಸರಿಡಬೇಕು. ಆಮೇಲೆ ಅವರು ಅಕ್ಕಿ, ತೆಂಗಿನಕಾಯಿ ಕೊಟ್ಟು ಆ ಮಗುವನ್ನು ಕೊಂಡು ಹೋಗುತ್ತಾರೆ. ಕೊರಗರ ಮಗುವನ್ನು ಸಾವು ಕೂಡ ಮುಟ್ಟುವುದಿಲ್ಲವಂತೆ. ಥೂ! ಸಾವಿಗೂ ಮಡಿ ಕಲಿಸಿದ ಜನ.

ಕೊರಗಪ್ಪ ಆಳ್ವರಿಗೆ ಹಾಲು ಕೊಟ್ಟವಳು ನನ್ನ ತಾಯಿ. "ನನ್ನ ಹಾಲು ಕುಡಿದ ಬಾಯಿ ಅದು," ಎಂದು ಈಗಲೂ ಹೇಳುತ್ತಾಳೆ. ಆ ಬಾಯಿ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ. ಅಧ್ಯಕ್ಷರಾದ ಮೇಲೆ ಅವರು ಬೋರ್ಡಿನಲ್ಲಿ ಕೆ. ಆಳ್ವ ಎಂದೇ ಬರೆಸಿದರು.

ತಗಡು ಬಂದ ಕೆಲವೇ ದಿನಕ್ಕೆ ಬೂದನಿಗೆ ಹೇಳಿಕೆ ಬಂತು. ಡೋಲು ಬಡಿದು ಊರಿಗೆಲ್ಲ ಸಾರಬೇಕು. ಪದವಿನಲ್ಲಿ ಮಕ್ಕಳಿಗೆ ಪಾರ್ಕು ಆಗುತ್ತದೆ. ಅದಕ್ಕಾಗಿ ಮನೆ ತೆರಿಗೆಯ ಮೇಲೆ ಪಾರ್ಕಿನ ಪಾಲು ಎಂದು ಇನ್ನೊಂದು ತೆರಿಗೆ. ಶಾಲೆಯ ಅಂಗಳದಲ್ಲಿ ಸಭೆ. ಎಲ್ಲರೂ ಬರಬೇಕು. ಬೂದ ಬೆಳಗಿನಿಂದ ಸಂಜೆಯವರೆಗೆ ಡೋಲು ಬಡಿದು ಕೂಗಿದ. ತನ್ನ ಕುತ್ತಿಗೆಯ ಹಗ್ಗವನ್ನು ತಾನೇ ಎಳೆದುಕೊಳ್ಳುತ್ತಿದ್ದೇನೆ ಎಂದು ಅವನಿಗೇನು ಗೊತ್ತು, ಪಾಪ!

ಸಭೆಗೆ ನಾವೂ ಹೋದೆವು. ಶಾಲೆಯ ಬೇಲಿಯ ಹೊರಗೆ, ಗೇರುಮರದ ಕೆಳಗೆ ನಿಂತೆವು. ಆಳ್ವರು ಶಾಲು ಸರಿಮಾಡಿಕೊಂಡು ಮಾತಾಡಿದರು.

"ನಮ್ಮ ಮಕ್ಕಳಿಗೆ ಆಡ್ಲಿಕ್ಕೆ ಒಂದು ಜಾಗ ಬೇಡ್ವಾ? ಬೆಂಚು ಇಡುವ, ಜೋಕಾಲಿ ಹಾಕುವ, ರೇಡಿಯೋ ತರುವ. ಮೂಡಬಿದ್ರೆಯವರು ಮಾಡುವ ಮೊದಲು ನಾವು ಮಾಡುವ."

ಬೀಡಿ ಅಂಗಡಿಯ ಮೂಸಾ ಎದ್ದು ನಿಂತ. "ನಾನು ಅಂಗಡಿ ಮುಚ್ಚುವಾಗ ಕತ್ತಲೆ ಆಗ್ತದೆ. ನಾನು ಯಾವಾಗ ಪಾರ್ಕಿಗೆ ಹೋಗುದು? ಮತ್ತೆ ತೆರಿಗೆ ಎಂತಕ್ಕೆ?"

ಜನ ನಕ್ಕರು. ಮೂಸಾ ಕೂರಲಿಲ್ಲ. ಬೇಲಿಯ ಕಡೆಗೆ ಕೈ ತೋರಿಸಿದ. "ಅಲ್ಲಿ ಹೊರಗೆ ನಿಂತಿದ್ದಾರಲ್ಲ, ಅವರಿಗೂ ತೆರಿಗೆ ಉಂಟಾ?"

"ತೆರಿಗೆಯಲ್ಲಿ ಜಾತಿಭೇದ ಇಲ್ಲ. ಎಲ್ಲರೂ ಸಮ," ಎಂದರು ಆಳ್ವರು. "ಕೊಡ್ಲಿಕ್ಕೆ ಇಲ್ಲದವರು ಶ್ರಮದಾನ ಮಾಡ್ಲಿ. ಮೈ ಉಂಟಲ್ಲ?"

ಚಪ್ಪಾಳೆ ಬಿತ್ತು. ಬೇಲಿಯ ಹೊರಗೆ ನನ್ನ ಗಂಡನೂ ಚಪ್ಪಾಳೆ ತಟ್ಟಿದ. ಸಮ ಎಂಬ ಮಾತು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು.

ಶ್ರಮದಾನದ ಮೊದಲ ದಿನ ಊರಿಗೆ ಊರೇ ಬಂತು. ಬಂಟ್ವಾಳದಿಂದ ಫೋಟೋದವನು ಬಂದ. ಆಳ್ವರು ಒಂದು ಬುಟ್ಟಿ ಮಣ್ಣು ಎತ್ತಿದರು. ಅರ್ಧ ಬುಟ್ಟಿ. ಬುಟ್ಟಿ ನಾನು ಹೆಣೆದದ್ದು. ಫೋಟೋ ತೆಗೆದಾದ ಮೇಲೆ ಕೆಳಗಿಟ್ಟು ಕೈ ತೊಳೆದರು. ಮರುದಿನದಿಂದ ಬಂದದ್ದು ನಾವು ಮಾತ್ರ.

ಮುರಕಲ್ಲಿನ ನೆಲ ಅಗೆಯುವುದೆಂದರೆ ಎಂತದು ಗೊತ್ತುಂಟಾ? ಪಿಕ್ಕಾಸು ಹೊಡೆದರೆ ಕೈ ಹಿಂದಕ್ಕೆ ಹಾರುತ್ತದೆ. ಬೂದ ಅಗೆದ. ನಾನು ಹೊತ್ತೆ. ಮಗಳನ್ನು ಹೆತ್ತ ನನ್ನ ನಡು ಇನ್ನೂ ಗಟ್ಟಿಯಾಗಿರಲಿಲ್ಲ. ಬುಟ್ಟಿ ತಲೆಯ ಮೇಲೆ ಏರಿದಾಗಲೆಲ್ಲ ಸೊಂಟದ ಕೆಳಗೆ ಏನೋ ಕಳಚಿ ಬಿದ್ದಂತಾಗುತ್ತಿತ್ತು. ಮಗು ಅತ್ತರೆ ಮೊಲೆಯಿಂದ ಹಾಲು ತಾನಾಗಿ ಸುರಿಯುತ್ತಿತ್ತು. ಕೆಂಪು ಧೂಳಿನ ಮೇಲೆ ಹಾಲಿನ ಗೆರೆ. ಬುಟ್ಟಿ ಇಳಿಸದೆ ಹೇಗೆ ಕೊಡುವುದು?

ಒಂದು ದಿನ ಮಗಳನ್ನು ಹೊಸ ಸಿಮೆಂಟು ಬೆಂಚಿನ ಅಡಿಯಲ್ಲಿ ಮಲಗಿಸಿದೆ. ಬೆಂಚಿನ ಮೇಲಲ್ಲ, ಅಡಿಯಲ್ಲಿ. ಪದವಿನಲ್ಲಿ ನೆರಳು ಅಂತ ಇದ್ದದ್ದು ಅದೊಂದೇ. ಅಣ್ಣು ದೂರದಿಂದಲೇ ಬೊಬ್ಬೆ ಹೊಡೆದ.

"ಏಯ್, ಅದನ್ನು ಅಲ್ಲಿಂದ ತೆಗಿ! ಮನುಷ್ಯರು ಕೂತ್ಕೊಳ್ಳುವ ಜಾಗ ಅದು."

ಎತ್ತಿಕೊಂಡೆ. ಬಿಸಿಲಿಗೆ ಹೋದೆ.

ಪಾರ್ಕಿನ ನೆಲ ಸಮ ಆದ ಮೇಲೆ ಅಣ್ಣು ಬಂದು ಹೇಳಿದ, ನೀವು ದುಡಿದದ್ದು ಪಾರ್ಕಿನ ಪಾಲಿಗೆ ಸರಿಹೋಯಿತು, ಮನೆ ತೆರಿಗೆ ಬೇರೆ ಬಾಕಿ ಉಂಟು ಎಂದು. ಇಲ್ಲದಿದ್ದರೆ ಜಪ್ತಿ. ನಮ್ಮಲ್ಲಿ ಜಪ್ತಿಗೆ ಎಂತ ಉಂಟು? ಮಡಕೆ, ಚಾಪೆ, ಡೋಲು. ಡೋಲು ಜಪ್ತಿ ಎಂದ. ಆದರೆ ಮುಟ್ಟುವವರು ಯಾರು? ಕೊನೆಗೆ ಬೂದನೇ ತನ್ನ ಡೋಲನ್ನು ತಾನೇ ಹೊತ್ತುಕೊಂಡು ಪಂಚಾಯತಿಗೆ ಹೋಗಿ ಹಿಂದಿನ ಜಗಲಿಯ ಕೆಳಗೆ ಇಟ್ಟು ಬಂದ. ಬರುವಾಗ ಇನ್ನೊಂದು ಮಾತು ಹೊತ್ತು ತಂದ.

"ತುಕ್ರು, ಪಾರ್ಕು ಸುರು ಮಾಡುವ ಮೊದಲು ನಮ್ಮ ಕೊಪ್ಪ ತೆಗಿಬೇಕಂತೆ. ನೋಡ್ಲಿಕ್ಕೆ ಚಂದ ಇಲ್ವಂತೆ."

"ನಂಬರು ಉಂಟಲ್ಲ? ನೀನು ಹೇಳ್ಲಿಲ್ವಾ?"

"ಹೇಳಿದೆ. ಅಣ್ಣು ನಗಾಡಿದ. ನಂಬರು ತೆರಿಗೆಗೆ ಮಾತ್ರ ಅಂತೆ. ಜಾಗ ಪರಂಬೋಕು ಅಂತೆ, ಪಂಚಾಯತಿದ್ದು."

ತೆರಿಗೆ ಕೊಡುವಾಗ ಮನೆ. ಕೆಡಹುವಾಗ ಬರೀ ಸೊಪ್ಪು. ಬೂದ ಕಂಬಕ್ಕೆ ಒರಗಿ ಕೂತುಬಿಟ್ಟ. ತಗಡು ಅವನ ತಲೆಯ ಮೇಲೆ ಗಾಳಿಗೆ ಕಟಕಟ ಅನ್ನುತ್ತಿತ್ತು.

ಎಲ್ಲಿಗೆ ಹೋಗುವುದು? ನಮ್ಮ ಹಿಂದೆಯೂ ಬಲಕ್ಕೂ ಕಂದಕ, ಅದರ ಕೆಳಗೆ ತೋಡು. ಎಡಕ್ಕೆ ಆಳ್ವರ ಗದ್ದೆಯ ಮುಳ್ಳುಬೇಲಿ. ಅದನ್ನು ದಾಟಿದರೆ ನಾಯಿ ಬಿಡುತ್ತಾರೆ. ಎದುರಿಗೆ ಪಾರ್ಕು. ನನ್ನ ತಾಯಿಗೆ ನಡೆಯಲು ಕಾಲಿಲ್ಲ. ಮಗಳಿಗೆ ಇನ್ನೂ ಕಾಲು ಬಂದಿಲ್ಲ.

ಆ ವಾರವೇ ಆಳ್ವರ ಮಗಳು ಶಶಿಪ್ರಭಾಳಿಗೆ ಗಂಡು ಹುಟ್ಟಿತು. ಮೊದಲಿನ ಎರಡು ಮಕ್ಕಳು ತೊಟ್ಟಿಲಲ್ಲೇ ಹೋಗಿದ್ದವು. ಒಂದು ಮಧ್ಯಾಹ್ನ ನಮ್ಮ ಅಂಗಳದ ಅಂಚಿಗೆ ಮೂರು ಜನ ಬಂದು ನಿಂತರು. ಆಳ್ವರು, ಅವರ ಹೆಂಡತಿ ಜಲಜಾಕ್ಷಮ್ಮ, ಬಾಣಂತಿ ಶಶಿಪ್ರಭಾ. ಅವಳ ಕೈಯಲ್ಲಿ ಹೊಸ ಬುಟ್ಟಿ. ಬುಟ್ಟಿ ಕೂಡ ನಾನೇ ಹೆಣೆದದ್ದು.

ನನ್ನ ತಾಯಿ ತೆವಳಿಕೊಂಡು ಹೊರಗೆ ಬಂದಳು. "ಬಂದೆಯಾ ಮಗಾ?" ಎಂದಳು ಆಳ್ವರನ್ನು ನೋಡಿ. ಅವರು ಮುಖ ತಿರುಗಿಸಿದರು.

"ತುಕ್ರು, ನಿನಗೆ ಹಾಲು ಉಂಟಲ್ಲ," ಎಂದರು ಜಲಜಾಕ್ಷಮ್ಮ. "ನಿನ್ನ ಅಮ್ಮ ಇವರನ್ನು ಉಳಿಸಿದ ಹಾಗೆ ನೀನು ಇದನ್ನೊಂದು ಉಳಿಸು ಮಾರಾಯ್ತಿ."

"ಕೊಪ್ಪ ಕೆಡಹುದು ಯಾವಾಗ ಅಮ್ಮ?" ಎಂದು ಕೇಳಿದೆ.

ಅವರು ಗಂಡನನ್ನು ನೋಡಿದರು. ಆಳ್ವರು, "ಅದು ಪಂಚಾಯತಿನ ತೀರ್ಮಾನ. ಇದು ಮನೆಯ ವಿಷಯ. ಎರಡನ್ನೂ ಸೇರಿಸ್ಬೇಡ," ಎಂದರು.

ಶಶಿಪ್ರಭಾ ಬುಟ್ಟಿ ಇಟ್ಟು ಹಿಂದೆ ಸರಿದಳು. ನಾನು ಮಗುವನ್ನೆತ್ತಿದೆ. ಎತ್ತಬಾರದು ಎಂದುಕೊಂಡಿದ್ದೆ. ಹಸಿದ ಮಗು ಬಾಯಿ ತೆರೆದರೆ ಎಂತ ಮಾಡುವುದು? ಮೊಲೆ ಕೊಟ್ಟೆ. ಕುಡಿಯಿತು. ಬೆಂಚಿನ ಅಡಿಯಿಂದ ನನ್ನ ಮಗಳನ್ನು ಎತ್ತಿಸಿದವನ ಧನಿಗಳ ಮನೆಯ ಕೂಸು ಅದು. ಆದರೂ ನನಗೆ ಪ್ರೀತಿ ಬಂತು. ಸುಳ್ಳು ಯಾಕೆ ಹೇಳಲಿ?

"ಮಗು ಯಾರದು?" ಎಂದರು ಜಲಜಾಕ್ಷಮ್ಮ.

"ನನ್ನದು."

"ಮಗು ಯಾರದು?"

"ನನ್ನದು."

"ಮಗು ಯಾರದು?"

"ನನ್ನದು. ಇದರ ಹೆಸರು ಕೊರಗ."

ಜಲಜಾಕ್ಷಮ್ಮ ಅಕ್ಕಿಯ ಮೊರವನ್ನು ಕೆಳಗಿಟ್ಟು ಮುಂದಕ್ಕೆ ತಳ್ಳಿದರು. ಮೇಲೆ ತೆಂಗಿನಕಾಯಿ. ನಾನು ಮೊರವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೆ.

"ಮಾರುದಿಲ್ಲ," ಎಂದೆ.

ಮಗು ಕುಡಿಯುತ್ತಲೇ ಇತ್ತು.

"ಎಂತ ಹೇಳಿದೆ?" ಎಂದರು ಆಳ್ವರು.

"ಮಗು ನನ್ನದು ಅಂತ ಮೂರು ಸಲ ಹೇಳಿಸಿದ್ದು ನೀವೇ. ನನ್ನ ಮಗುವಿನ ಮನೆ ಇದು. ಇನ್ನು ಕೆಡಹಿ. ಇದು ಒಳಗೆ ಇರುವಾಗ ಕೆಡಹಿ."

"ಕೊರಗತ್ತಿ!" ಎಂದು ಆರ್ಭಟಿಸಿದರು. ಒಂದು ಹೆಜ್ಜೆ ಮುಂದೆ ಬಂದು ನಿಂತರು. ಕಸಿದುಕೊಳ್ಳಲು ನನ್ನನ್ನು ಮುಟ್ಟಬೇಕು. ಕೊಳ್ಳದೆ ಕಸಿದುಕೊಂಡರೆ ಮಗು ಉಳಿಯುವುದಿಲ್ಲ ಎಂದು ಅವರೇ ನಂಬಿದ್ದು. ಅವರ ಮಡಿಯೇ ಅವರ ಕಾಲು ಹಿಡಿದಿತ್ತು. ಬೂದ ನನ್ನ ಕಾಲಿಗೆ ಬಿದ್ದ. "ಕೊಟ್ಟುಬಿಡು ತುಕ್ರು, ನಮ್ಮನ್ನು ಸುಟ್ಟುಬಿಡ್ತಾರೆ."

ಶಶಿಪ್ರಭಾ ಅಳತೊಡಗಿದಳು. "ಅಪ್ಪಾ, ಅವಳು ಕೇಳಿದ್ದು ಕೊಟ್ಟುಬಿಡಿ ಅಪ್ಪಾ."

"ಊರಿನ ದೈವದ ಮೇಲೆ ಆಣೆ ಹಾಕ್ಲಿ," ಎಂದೆ. "ಕೊಪ್ಪ ಕೆಡಹುದಿಲ್ಲ ಅಂತ."

ಆಳ್ವರು ಬಗ್ಗಿದರು. ನಮ್ಮ ಅಂಗಳದ ಮಣ್ಣು ಮುಟ್ಟಿದರು. "ದೈವದಾಣೆ, ಈ ಕೊಪ್ಪದ ಒಂದು ಹುಲ್ಲುಕಡ್ಡಿ ಕೂಡ ಮುಟ್ಟುದಿಲ್ಲ," ಎಂದರು. ಆಮೇಲೆ ನಾನು ಅಕ್ಕಿಯನ್ನು ಎಳೆದುಕೊಂಡೆ. ಮಗುವನ್ನು ಬುಟ್ಟಿಯಲ್ಲಿಟ್ಟೆ. ಎದೆ ಖಾಲಿಯಾಯಿತು. ಗೆದ್ದೆ ಎಂದುಕೊಂಡೆ.

ಆಳ್ವರು ಮಾತಿಗೆ ತಪ್ಪಲಿಲ್ಲ. ಹುಲ್ಲುಕಡ್ಡಿ ಮುಟ್ಟಲಿಲ್ಲ. ಪಾರ್ಕಿಗೆ ಸುತ್ತ ಗೋಡೆ ಎಂದು ನಮ್ಮನ್ನೇ ಮುರಕಲ್ಲು ಹೊರಲು ಕರೆದರು, ಬಾಕಿ ತೆರಿಗೆಗೆ. ಹೊತ್ತೆವು. ಗಾರೆಗೆ ಹಣ ಸಾಲದೆ ಕೆಸರಲ್ಲಿ ಕಲ್ಲು ಇಡುತ್ತಿದ್ದರು. ಕೆಸರನ್ನೂ ನಾನೇ ತುಳಿದೆ. ಗೋಡೆ ನಮ್ಮ ಕೊಪ್ಪದ ಹಿಂದಿನಿಂದ ಬಂದು ನಮ್ಮನ್ನೂ ಒಳಗೆ ಸೇರಿಸಿಕೊಳ್ಳುತ್ತದೆ ಎಂದು ಬೂದ ಹೇಳಿದ್ದ. ಅದು ಎದುರಿನಿಂದ ಹೋಯಿತು. ಮುಳ್ಳುಬೇಲಿಯಿಂದ ಕಂದಕದ ಅಂಚಿನವರೆಗೆ, ಆಳೆತ್ತರ. ಕೊನೆಯ ಕಲ್ಲನ್ನು ನಾನು ಹೊತ್ತುಕೊಟ್ಟೆ. ಕೆಲಸ ಮುಗಿಸಿ ಮನೆಗೆ ಹೋಗಲು ತಿರುಗಿದರೆ ದಾರಿಯೇ ಇರಲಿಲ್ಲ.

ಅಂದು ಕಂದಕ ಇಳಿದು, ತೋಡಿನಲ್ಲಿ ನಡೆದು, ಬೇರು ಹಿಡಿದು ಹತ್ತಿ ಕೊಪ್ಪ ಸೇರಿದೆವು. ಮರುದಿನವೂ ಹಾಗೆಯೇ. ನೀರಿನ ಮಡಕೆ ಹೊತ್ತು ಹತ್ತುವಾಗ ಜಾರಿ ಬಿದ್ದೆ, ಮೊಣಕಾಲು ಒಡೆಯಿತು. ಮಳೆ ಹಿಡಿದರೆ ತೋಡು ತುಂಬುತ್ತದೆ, ಆಗ ಆ ದಾರಿಯೂ ಇಲ್ಲ. ನನ್ನ ತಾಯಿ ಗೋಡೆ ಕಟ್ಟಿದ ಮೇಲೆ ಹೊರಗೆ ಹೋಗಲೇ ಇಲ್ಲ. "ಇದು ಮನೆಯಾ, ಗುಂಡಿಯಾ?" ಎಂದು ಕೇಳುತ್ತಿದ್ದಳು. ಅಣ್ಣು ಹೊಸ ವರ್ಷದ ತೆರಿಗೆಯ ಚೀಟಿಯನ್ನು ಕಲ್ಲಿಗೆ ಸುತ್ತಿ ಗೋಡೆಯ ಆಚೆಯಿಂದ ಎಸೆದ.

ಪಾರ್ಕು ಸುರುವಾಗುವ ದಿನ ಗೋಡೆಯಾಚೆ ರೇಡಿಯೋ ಹಾಡಿತು. ಮಕ್ಕಳ ಕೇಕೆ ಕೇಳಿಸಿತು. ಬೂದನನ್ನು ಗೇಟಿನ ಹೊರಗೆ ಡೋಲು ಬಡಿಯಲು ಕರೆದಿದ್ದರು. ಬಡಿದರೆ ಡೋಲು ವಾಪಸು, ಇಲ್ಲದಿದ್ದರೆ ಇಲ್ಲ. ಅವನು ತಲೆ ತಗ್ಗಿಸಿಕೊಂಡು ಕಂದಕ ಇಳಿದು ಹೋದ. ಸ್ವಲ್ಪ ಹೊತ್ತಿಗೆ ಡೋಲಿನ ಸದ್ದು ಬಂತು. ನನ್ನ ಗಂಡನ ಕೈ ನನಗೆ ಗೊತ್ತಾಗದೆ? ಅಳುವವನು ಬಡಿದ ಹಾಗಿತ್ತು.

ನನ್ನ ಮಗಳು ಗೋಡೆಯ ಬುಡದಲ್ಲಿ ಬೋರಲು ಬಿದ್ದು ಆ ಸದ್ದಿನ ಕಡೆಗೆ ಕೈ ಚಾಚುತ್ತಿದ್ದಳು. ಕಲ್ಲು ಬೆರಳಿಗೆ ತಾಗಿತು. ಅತ್ತಳು.

ಸಾಕು ಅನಿಸಿತು. ಪಿಕ್ಕಾಸು ಎತ್ತಿಕೊಂಡೆ. ನಾನು ತುಳಿದ ಕೆಸರು, ಎಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲವೇ? ಮೇಲಿನ ಕಲ್ಲು ಆಚೆಗೆ ಉರುಳಿತು. ಇನ್ನೊಂದು. ಮತ್ತೊಂದು. ಕೇಕೆ ನಿಂತಿತು. ಯಾರೋ ಹೆಂಗಸು ಚೀರಿದಳು. ಕಲ್ಲುಗಳ ಎಡೆಯಲ್ಲಿ ಪಾರ್ಕು ಕಂಡಿತು. ಬೆಂಚು, ಶಾಲು, ಹಾರ, ಬಾಯಿ ತೆರೆದ ಮುಖಗಳು.

ಡೋಲು ನಿಂತಿತು. ಬೂದ ಗೇಟಿನೊಳಗೆ ಬಂದ. ಹೌದು, ಒಳಗೆ. ಅವರೆಲ್ಲರ ನಡುವೆ ಸೀದಾ ನಡೆದು ಬಂದ. ಜನ ಮೈ ಸೋಕೀತೆಂದು ಎರಡೂ ಬದಿಗೆ ಸರಿದು ದಾರಿ ಕೊಟ್ಟರು. ಡೋಲನ್ನು ಸಿಮೆಂಟು ಬೆಂಚಿನ ಮೇಲೆ ಇಟ್ಟ. ನನ್ನ ಮುಖ ನೋಡಲಿಲ್ಲ. ಆಚೆಯ ಬದಿಯಿಂದ ಕಲ್ಲು ಎಳೆಯತೊಡಗಿದ.

"ಪೊಲೀಸಿಗೆ ಹೇಳಿ ಕಳಿಸಿ! ಬಂಟ್ವಾಳಕ್ಕೆ ಆಳು ಓಡಿಸಿ!" ಎಂದು ಆಳ್ವರು ಕೂಗುತ್ತಿದ್ದರು. ಶಶಿಪ್ರಭಾ ಅವರ ಹಿಂದೆ ನಿಂತಿದ್ದಳು. ಅವಳ ಹೆಗಲ ಮೇಲೆ ಕೊರಗ ನಿದ್ದೆ ಮಾಡುತ್ತಿತ್ತು.

ನೆಲದವರೆಗೆ ಬಿಚ್ಚಿದೆವು. ತಾಯಿಯನ್ನು ಎತ್ತಿಕೊಂಡು ಹೊರಗೆ ತಂದೆ. ಅವಳು ಪಾರ್ಕಿನ ಹುಲ್ಲಿನ ಮೇಲೆ ಕೂತಳು. ಮಗಳನ್ನು ಅವಳ ಮಡಿಲಲ್ಲಿ ಹಾಕಿದೆ. ಆಮೇಲೆ ಒಳಗೆ ಹೋಗಿ ಕಂಬದಿಂದ ತಗಡು ಬಿಚ್ಚಿ ತಂದೆ. ಅಣ್ಣು ಮುಂದಿನ ಸಾಲಿನಲ್ಲಿ ನಿಂತಿದ್ದ. ಅವನ ಕಾಲ ಬುಡಕ್ಕೆ ಎಸೆದೆ. ಅವನು ಎಸೆದ ಹಾಗೆಯೇ.

ಗೋಡೆಯ ಆ ಬಾಯಿಯಲ್ಲಿ ಕೂತೆ. ಪೊಲೀಸರು ಬರುತ್ತಾರೆ. ಬಂದು ಎಳೆದುಕೊಂಡು ಹೋಗುತ್ತಾರೆ, ನನ್ನನ್ನು ಮುಟ್ಟಲು ಅವರಿಗೆ ಲಾಠಿ ಉಂಟು. ಗೋಡೆಯನ್ನು ಮತ್ತೆ ಕಟ್ಟುತ್ತಾರೆ, ಈ ಸಲ ಗಾರೆಯಲ್ಲಿ. ನನಗೆ ಗೊತ್ತು. ಏಳು ಎಂದು ಆಳ್ವರು ಕೂಗಿದರು. ನಾನು ಏಳಲಿಲ್ಲ.

"ಅಣ್ಣು," ಎಂದೆ. ಧನಿ ಎನ್ನಲಿಲ್ಲ. "ನಂಬರು ಹೊಡಿಲಿಕ್ಕೆ ಬಾಗಿಲು ಬೇಕಿತ್ತಲ್ಲ ನಿನಗೆ? ಬಾಗಿಲು ಇಲ್ಲಿ ಉಂಟು. ಹತ್ತಿರ ಬಾ. ಹೊಡಿ."